ಮಗಳು ಕೇಳಿದ್ದು ಪ್ರಶ್ನೆ, ಮಗ ಇಟ್ಟದ್ದು ಅಡ್ಡಹೆಸರು

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ಮಗಳಿಗೆ 5 ವರ್ಷ, ಮಗನಿಗೆ 10. ಕಳೆದ ವಾರ ಬಸ್ಸಿನಲ್ಲಿ ಎದುರು ಸೀಟಿನವರನ್ನು ತೋರಿಸಿ ಮಗಳು, ‘ಅಮ್ಮಾ, ಈ ಆಂಟಿ ಯಾಕೆ ಇಷ್ಟು ದಪ್ಪ?’ ಅಂತ ಜೋರಾಗಿ ಕೇಳಿಬಿಟ್ಟಳು. ನಾನು ಅವಳ ಬಾಯಿ ಮುಚ್ಚಿ, ಮುಂದಿನ ಸ್ಟಾಪಿನಲ್ಲೇ ಇಳಿಸಿಕೊಂಡು ಬಂದೆ. ಅದಾಗಿ ಮೂರು ದಿನಕ್ಕೆ ಮಗನ ಕ್ಲಾಸ್ ಟೀಚರ್ ನನ್ನನ್ನು ಕರೆಸಿದರು. ತರಗತಿಯ ಒಬ್ಬ ಹುಡುಗನಿಗೆ ಇವನು ‘ಡುಮ್ಮ’ ಅಂತ ಹೆಸರಿಟ್ಟಿದ್ದಾನಂತೆ. ಆ ಹುಡುಗ ಓಡುವಾಗ ನಾಲ್ಕೈದು ಜನ ಸೇರಿ ‘ಧಡ್ ಧಡ್’ ಅಂತ ಸದ್ದು ಮಾಡುತ್ತಾರಂತೆ. ಅವನು ಈಗ ಆಟದ ಪೀರಿಯಡ್ಡಿಗೆ ಬರುವುದನ್ನೇ ಬಿಟ್ಟಿದ್ದಾನೆ. ಕೇಳಿದರೆ ಮಗ, ‘ತಮಾಷೆಗೆ ಅಂದದ್ದು, ಎಲ್ಲರೂ ಅಂತಾರೆ’ ಅನ್ನುತ್ತಾನೆ. ನಮ್ಮ ಮನೆಯವರು, ‘ಬೈಯೋಣ ಸರಿ, ಆದರೆ ದಪ್ಪ ಇರೋದು ಒಳ್ಳೇದು ಅಂತ ಕಲಿಸೋಕಾಗುತ್ತಾ? ಆ ಹುಡುಗನೂ ಸ್ವಲ್ಪ ಕಮ್ಮಿ ತಿನ್ನಲಿ’ ಅನ್ನುತ್ತಾರೆ. ನಮ್ಮ ಮಗ ಬಹಳ ತೆಳ್ಳಗಿದ್ದಾನೆ. ಮನೆಯಲ್ಲಿ ಎಲ್ಲರೂ ಅವನನ್ನು ‘ಕಡ್ಡಿ’ ಅಂತಲೇ ಕರೆಯುತ್ತೇವೆ, ಅವನೂ ನಗುತ್ತಾನೆ. ನಾವು ಎಲ್ಲಿ ತಪ್ಪಿದೆವು? ಆ ಹುಡುಗನ ತಾಯಿಗೆ ಫೋನ್ ಮಾಡಲೇ?

ಉತ್ತರ: ಎರಡು ಘಟನೆಗಳು ಒಂದೇ ವಾರದಲ್ಲಿ ಬಂದದ್ದರಿಂದ ನಿಮಗೆ ಎರಡೂ ಒಂದೇ ತಪ್ಪಿನಂತೆ ಕಂಡಿವೆ. ಮಗಳು ಕೇಳಿದ್ದು ಪ್ರಶ್ನೆ, ಅದಕ್ಕೆ ಉತ್ತರ ಕೊಟ್ಟರಾಯಿತು. ಮಗ ಮಾಡಿದ್ದು ಗುಂಪು ಕಟ್ಟಿಕೊಂಡು ಒಬ್ಬನಿಗೆ ಕೊಟ್ಟ ಹಿಂಸೆ. ಅದನ್ನು ಮೊದಲು ನಿಲ್ಲಿಸಬೇಕು, ಆಮೇಲೆ ಆದ ಗಾಯಕ್ಕೆ ಏನಾದರೂ ಮಾಡಬೇಕು. ಇಬ್ಬರಿಗೂ ಒಂದೇ ಬೈಗುಳ ಸಿಕ್ಕರೆ ಮಗಳು ಪ್ರಶ್ನೆ ಕೇಳುವುದನ್ನು ಬಿಡುತ್ತಾಳೆ, ಮಗ ಸಿಕ್ಕಿಬೀಳದಂತೆ ಮಾಡುವುದನ್ನು ಕಲಿಯುತ್ತಾನೆ.

ಮೊದಲು ಮಗಳ ವಿಷಯ. ಐದು ವರ್ಷ ಎಂದರೆ ಜಗತ್ತನ್ನು ವಿಂಗಡಿಸುವ ವಯಸ್ಸು. ದೊಡ್ಡದು–ಚಿಕ್ಕದು, ಉದ್ದ–ಗಿಡ್ಡ, ನಮ್ಮದು–ಅವರದು. ‘ಈ ಚೀಲ ಯಾಕೆ ಕೆಂಪು’ ಎಂದು ಕೇಳುವ ಬಾಯಿಯೇ ‘ಈ ಆಂಟಿ ಯಾಕೆ ದಪ್ಪ’ ಎಂದೂ ಕೇಳುತ್ತದೆ. ಹಾಗೆಂದು ‘ಚಿಕ್ಕ ಮಕ್ಕಳಿಗೆ ಇದೆಲ್ಲ ಏನೂ ಗೊತ್ತಾಗುವುದಿಲ್ಲ’ ಎಂಬ ನಂಬಿಕೆಯೂ ಸರಿಯಲ್ಲ. ಒಂದೇ ಕತೆ ಹೇಳಿ, ದಪ್ಪ ಮತ್ತು ತೆಳ್ಳಗಿನ ಮಕ್ಕಳ ಚಿತ್ರ ತೋರಿಸಿ, ‘ಇದರಲ್ಲಿ ಕೆಟ್ಟ ಮಗು ಯಾವುದು’ ಎಂದು ಕೇಳಿದರೆ 3ರಿಂದ 5 ವರ್ಷದ ಎಷ್ಟೋ ಮಕ್ಕಳು ದಪ್ಪ ಮಗುವಿನ ಕಡೆ ಬೆರಳು ತೋರಿಸುತ್ತಾರೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಅವರಿಗೆ ಇದು ದಾಟಿರುತ್ತದೆ. ಹಾಗಾಗಿ ಗಮನಿಸಬೇಕಾದದ್ದು ‘ದಪ್ಪ’ ಎಂಬ ಪದವನ್ನಲ್ಲ, ಅದರ ಜೊತೆ ಏನು ಬಂತು ಎಂಬುದನ್ನು. ಬರೀ ಕುತೂಹಲವೇ, ಅಥವಾ ಮೂಗು ಮುರಿಯುವುದೇ?

ನೀವು ಬಾಯಿ ಮುಚ್ಚಿ ಬಸ್ ಇಳಿದದ್ದು ಮುಜುಗರದಿಂದ, ಅದು ಅರ್ಥವಾಗುತ್ತದೆ. ಆದರೆ ಆ ಮಗುವಿಗೆ ಸಿಕ್ಕ ಸುದ್ದಿ ಏನು? ಅಮ್ಮ ಹೀಗೆ ಗಾಬರಿಯಾಗಬೇಕಾದರೆ ದಪ್ಪ ಇರುವುದು ಬಾಯಲ್ಲಿ ಹೇಳಬಾರದಷ್ಟು ಕೆಟ್ಟದ್ದಿರಬೇಕು, ಅಷ್ಟೇ. ಎದುರಿಗಿದ್ದ ಹೆಂಗಸಿಗೆ ಸಿಕ್ಕ ಸುದ್ದಿಯೂ ಅದೇ.

ಮುಂದಿನ ಸಲ ಹೀಗಾದರೆ (ಆಗೇ ಆಗುತ್ತದೆ) 20 ಸೆಕೆಂಡಿನ ಕೆಲಸ. ಮಾಮೂಲಿ ದನಿಯಲ್ಲಿ, ಆ ವ್ಯಕ್ತಿಗೂ ಕೇಳಿಸುವಂತೆ ಹೇಳಿ: ‘ಹೌದು ಪುಟ್ಟಿ, ಜನರ ಮೈ ಬೇರೆ ಬೇರೆ ಥರ ಇರುತ್ತೆ. ಕೆಲವರು ದಪ್ಪ, ಕೆಲವರು ಸಣ್ಣ, ಕೆಲವರು ಉದ್ದ.’ ಆಮೇಲೆ ಅವರ ಕಣ್ಣು ನೋಡಿ, ಒಂದು ‘ಸಾರಿ ಅಮ್ಮಾ’ ಅಥವಾ ಬರೀ ಒಂದು ನಗು. ಉದ್ದುದ್ದ ಕ್ಷಮೆ ಬೇಡ. ‘ಏನೂ ಅಂದ್ಕೋಬೇಡಿ, ಮಗು, ಗೊತ್ತಾಗಲ್ಲ, ನೀವೇನೂ ಅಷ್ಟು ದಪ್ಪ ಇಲ್ಲ’ ಎಂದು ಹೇಳುತ್ತಾ ಹೋದರೆ ಗಾಯದ ಮೇಲೆ ಇನ್ನೊಂದು ಗೀರು ಎಳೆದಂತೆ. ಮಗುವಿಗೆ ಪಾಠ ಹೇಳುವುದು ಆ ಹೊತ್ತಿನಲ್ಲಿ ಬೇಡ, ಸಂಜೆ ಮನೆಯಲ್ಲಿ. ಅದೂ ಐದು ನಿಮಿಷಕ್ಕಿಂತ ಹೆಚ್ಚು ಬೇಡ. ನಿಯಮ ಒಂದೇ ಇರಲಿ: ‘ಏನು ಬೇಕಾದರೂ ಕೇಳಬಹುದು. ಒಬ್ಬರ ಮೈ ಬಗ್ಗೆ ಕೇಳೋದಿದ್ದರೆ ನನ್ನ ಕಿವಿಯಲ್ಲಿ ಕೇಳು. ಅವರಿಗೆ ಕೇಳಿಸಿದರೆ ಬೇಜಾರಾಗಬಹುದು.’ ಐದು ವರ್ಷದ ಮಗು ಇದನ್ನು ಎರಡು ಮೂರು ಸಲ ಮರೆಯುತ್ತದೆ. ಮರೆತಾಗ ಕಿವಿ ಮುಟ್ಟಿಕೊಂಡು ತೋರಿಸಿದರೆ ಸಾಕು.

‘ಯಾಕೆ’ ಎಂಬುದಕ್ಕೆ ಉತ್ತರ ಹೇಳುವಾಗ ಹೆಚ್ಚಿನ ತಂದೆತಾಯಿ ಎಡವುವುದು ಎರಡು ಕಡೆ. ಒಂದು, ‘ಜಾಸ್ತಿ ತಿಂದರೆ ಹಾಗಾಗುತ್ತೆ’. ಇನ್ನೊಂದು ಕೇಳಲು ಮೃದುವಾಗಿರುತ್ತದೆ: ‘ಪಾಪ, ಅವರಿಗೇನೋ ಕಾಯಿಲೆ ಇರಬೇಕು’. ಮೊದಲನೆಯದು ಅರ್ಧ ಸತ್ಯ. ಎರಡನೆಯದು ನನಗೆ ಹೆಚ್ಚು ಚಿಂತೆಯ ವಿಷಯ, ಏಕೆಂದರೆ ಅದು ದಯೆಗೆ ಒಂದು ಶರತ್ತು ಹಾಕುತ್ತದೆ. ಕಾಯಿಲೆ ಇದ್ದರೆ ಗೇಲಿ ಮಾಡಬಾರದು, ಇಲ್ಲದಿದ್ದರೆ ಮಾಡಬಹುದು ಎಂದು ಮಗು ಲೆಕ್ಕ ಹಾಕಿಕೊಳ್ಳುತ್ತದೆ. ಕಾರಣ ಏನೇ ಇರಲಿ, ಕಾರಣವೇ ಇಲ್ಲದಿರಲಿ, ಗೇಲಿ ಮಾಡುವ ಹಾಗಿಲ್ಲ.

ನಿಜವಾದ ಕಾರಣಗಳು ನಿಮಗೆ ಗೊತ್ತಿರಬೇಕು. ಹತ್ತು ವರ್ಷದ ಮಗ ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತಾನೆ. ಎತ್ತರದಂತೆ ಮೈಕಟ್ಟಿನಲ್ಲೂ ವಂಶವಾಹಿಯ ಪಾಲು ದೊಡ್ಡದು. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳ ಮೇಲೆ 1990ರಲ್ಲಿ ಬಂದ ಅಧ್ಯಯನದಲ್ಲಿ, ಎತ್ತರಕ್ಕೆ ಹೋಲಿಸಿದ ತೂಕದಲ್ಲಿ ಏಕರೂಪಿ ಅವಳಿಗಳು ಒಂದೇ ಮನೆಯಲ್ಲಿ ಬೆಳೆದವರಷ್ಟೇ ಹತ್ತಿರ ಹತ್ತಿರ ಇದ್ದರು. ಮನೆ ಬೇರೆ, ತಟ್ಟೆ ಬೇರೆ, ಆದರೂ ಮೈ ಒಂದೇ ಥರ. ಅದರ ಮೇಲೆ ಊಟ, ನಿದ್ದೆ, ಓಡಾಟಕ್ಕೆ ಸಿಗುವ ಜಾಗ, ಮನೆಯ ಒತ್ತಡ ಎಲ್ಲವೂ ಸೇರುತ್ತವೆ. ದಿನಗಟ್ಟಲೆ ಬಾಯಿಂದ ತೆಗೆದುಕೊಳ್ಳುವ ಸ್ಟೀರಾಯ್ಡ್, ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೊಯೇಟ್‌ನಂಥ ಔಷಧಗಳು ತೂಕ ಏರಿಸುತ್ತವೆ. ಥೈರಾಯ್ಡ್ ಕೊರತೆ ಕಾರಣವಾಗುವುದು ಜನ ಅಂದುಕೊಂಡಷ್ಟು ಹೆಚ್ಚಲ್ಲ.

ಹತ್ತು ವರ್ಷದ ಮಕ್ಕಳ ತರಗತಿಯಲ್ಲಿ ಇನ್ನೂ ಒಂದು ಸಂಗತಿ ಸೇರಿಕೊಳ್ಳುತ್ತದೆ. ಪ್ರೌಢಾವಸ್ಥೆಯ ಬದಲಾವಣೆ ಹುಡುಗಿಯರಲ್ಲಿ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು. ಅಂದರೆ ಒಂದೇ ಬೆಂಚಿನಲ್ಲಿ ಕೂತ ಇಬ್ಬರ ಮೈಬೆಳವಣಿಗೆಯಲ್ಲಿ ಎರಡು ಮೂರು ವರ್ಷದ ಅಂತರ ಇರುವುದು ತೀರಾ ಸಹಜ. ಎಷ್ಟೋ ಮಕ್ಕಳು ಎತ್ತರ ಏರುವ ಮುಂಚೆ ಮೈತುಂಬಿಕೊಳ್ಳುತ್ತಾರೆ, ಆಮೇಲೆ ಉದ್ದವಾಗುತ್ತಾರೆ. ಗೇಲಿ ಅತಿ ಜೋರಾಗಿರುವುದು ಸರಿಯಾಗಿ ಈ ವಯಸ್ಸಿನಲ್ಲೇ.

ಈಗ ನಿಮ್ಮ ಮನೆಯವರ ಮಾತು. ಅವರ ಚಿಂತೆಯನ್ನು ತಳ್ಳಿಹಾಕಬೇಡಿ. ಆರೋಗ್ಯದ ಬಗ್ಗೆ ಮಕ್ಕಳಿಗೆ ಕಲಿಸಲೇಬೇಕು. ಆದರೆ ಅವರು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟಿಗೆ ಕಟ್ಟಿದ್ದಾರೆ. ‘ದಪ್ಪ ಇರುವವರನ್ನು ಹಂಗಿಸಬೇಡ’ ಎಂದರೆ ‘ತೂಕ ಏರಿದರೂ ಪರವಾಗಿಲ್ಲ’ ಎಂದು ಅರ್ಥವಲ್ಲ. ನಾಲ್ಕು ಮಾತು ಬಿದ್ದರೆ ಮಗು ತಾನೇ ಸಣ್ಣಗಾಗಲು ನೋಡುತ್ತದೆ ಎಂಬುದೂ ಅವರ ಮಾತಿನ ಹಿಂದೆ ಇರಬಹುದು. ಬಹಳ ಜನರಿಗೆ ಹಾಗನ್ನಿಸುತ್ತದೆ. ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನಗಳು ತೋರಿಸಿರುವುದು ಇದಕ್ಕೆ ತದ್ವಿರುದ್ಧ: ತೂಕದ ಬಗ್ಗೆ ಹಂಗಿಸಿಕೊಂಡ ಮಕ್ಕಳಲ್ಲಿ ಮುಂದೆ ತೂಕ ಏರುವುದು, ಕದ್ದು ತಿನ್ನುವುದು, ಊಟ ಬಿಡುವುದು, ಖಿನ್ನತೆ ಎಲ್ಲವೂ ಹೆಚ್ಚು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ನಿಮ್ಮ ಪತ್ರದಲ್ಲೇ ಇದೆ. ಆ ಹುಡುಗ ಆಟದ ಪೀರಿಯಡ್ಡನ್ನೇ ಬಿಟ್ಟಿದ್ದಾನೆ. ಅವನ ಮೈಗೆ ಒಳ್ಳೆಯದಾಗಬಹುದಾಗಿದ್ದ ಓಟವನ್ನು ‘ಧಡ್ ಧಡ್’ ಎಂಬ ಸದ್ದು ಕಸಿದುಕೊಂಡಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆಯೂ ಇದೇ ದಿಕ್ಕಿನದು: ಮನೆಯಲ್ಲಿ ತೂಕದ ಮಾತು ಬೇಡ, ಹಂಗಿಸುವುದು ಬೇಡ, ಮಕ್ಕಳಿಗೆ ಡಯಟ್ ಬೇಡ, ಕೂಡಿ ಕೂತು ಊಟ ಮಾಡಿ. ಹದಿಹರೆಯದವರಲ್ಲಿ ಅತಿತೂಕ, ಊಟಕ್ಕೆ ಸಂಬಂಧಿಸಿದ ಮನೋರೋಗ ಎರಡನ್ನೂ ತಡೆಯಲೆಂದು ಕೊಟ್ಟ ಸಲಹೆ ಇದು.

ಆ ಹುಡುಗ ಎಷ್ಟು ತಿನ್ನಬೇಕು ಎಂಬುದು ಅವನ ತಂದೆತಾಯಿಗೂ ಅವನ ಡಾಕ್ಟರಿಗೂ ಬಿಟ್ಟದ್ದು. ನಿಮ್ಮ ಮಗನ ಕೈಗೆ ಆ ಅಧಿಕಾರ ಯಾರೂ ಕೊಟ್ಟಿಲ್ಲ. ಇದನ್ನು ನಿಮ್ಮ ಮನೆಯವರೇ ಮಗನಿಗೆ ಹೇಳಿದರೆ ನೀವು ಹತ್ತು ಸಲ ಹೇಳಿದ್ದಕ್ಕಿಂತ ಹೆಚ್ಚು ನಾಟುತ್ತದೆ.

ಇನ್ನು ಮಗನ ವಿಷಯ, ಇದಕ್ಕೆ ಹೆಚ್ಚು ಕೆಲಸ ಬೇಕು. 1961ರಲ್ಲಿ ಅಮೆರಿಕದಲ್ಲಿ 10–11 ವರ್ಷದ ಮಕ್ಕಳಿಗೆ ಆರು ಚಿತ್ರ ಕೊಟ್ಟು, ಯಾರು ಹೆಚ್ಚು ಇಷ್ಟ ಎಂಬ ಕ್ರಮದಲ್ಲಿ ಜೋಡಿಸಲು ಹೇಳಿದ್ದರು. ಊರುಗೋಲು ಹಿಡಿದ ಮಗು, ಗಾಲಿಕುರ್ಚಿಯ ಮಗು, ಒಂದು ಕೈ ಇಲ್ಲದ ಮಗು, ಮುಖದಲ್ಲಿ ಊನವಿದ್ದ ಮಗು, ದಪ್ಪ ಮಗು, ಇಂಥದ್ದೇನೂ ಇಲ್ಲದ ಮಗು. ದಪ್ಪ ಮಗು ಕೊನೆಯ ಸ್ಥಾನಕ್ಕೆ ಹೋಯಿತು. ಸುಮಾರು ನಲವತ್ತು ವರ್ಷ ಬಿಟ್ಟು ಅದೇ ಚಿತ್ರಗಳನ್ನು ಇಟ್ಟು ಮತ್ತೆ ನೋಡಿದರು, 2003ರಲ್ಲಿ ಫಲಿತಾಂಶ ಪ್ರಕಟವಾಯಿತು. ದಪ್ಪ ಮಗು ಮತ್ತೆ ಕೊನೆಗೇ ನಿಂತಿತ್ತು, ಮೊದಲಿಗಿಂತ ಹೆಚ್ಚು ದೂರ ತಳ್ಳಲ್ಪಟ್ಟಿತ್ತು. ನಿಮ್ಮ ಮಗನದೂ ಅದೇ ವಯಸ್ಸು. ಅವನು ಕೆಟ್ಟ ಹುಡುಗ ಎಂದು ನಾನು ಒಪ್ಪುವುದಿಲ್ಲ. ಸುತ್ತಲಿನ ಗಾಳಿಯಲ್ಲಿ ಇರುವುದನ್ನೇ ಅವನು ಉಸಿರಾಡಿದ್ದಾನೆ. ಹಾಗೆಂದು ಮಾಡಿದ ಕೆಲಸದ ಹೊಣೆ ತಪ್ಪುವುದಿಲ್ಲ.

‘ತಮಾಷೆಗೆ’ ಎಂಬ ಮಾತಿಗೆ ವಾದ ಹೂಡಬೇಡಿ. ಒಂದೇ ಪ್ರಶ್ನೆ ಕೇಳಿ: ‘ಅವನು ಸಾಕು ಅಂದರೆ ಅದು ನಿಲ್ಲುತ್ತಿತ್ತಾ?’ ಇಬ್ಬರೂ ನಗುತ್ತಿದ್ದು, ಯಾರು ಬೇಕಾದರೂ ನಿಲ್ಲಿಸಬಹುದಾದದ್ದು ತಮಾಷೆ. ನಾಲ್ಕೈದು ಜನ ಒಂದು ಕಡೆ, ಒಬ್ಬ ಇನ್ನೊಂದು ಕಡೆ, ಆ ಒಬ್ಬ ಮೈದಾನಕ್ಕೇ ಬರುತ್ತಿಲ್ಲ. ಇದನ್ನು ಯಾವ ಮಗುವೂ ಅರ್ಥ ಮಾಡಿಕೊಳ್ಳುತ್ತದೆ.

ಕೂತು ಮಾತಾಡುವಾಗ ತಂಗಿ ಪಕ್ಕದಲ್ಲಿ ಇರಬಾರದು. ‘ಯಾಕೆ ಹೀಗೆ ಮಾಡಿದೆ?’ ಎಂದು ಶುರು ಮಾಡಿದರೆ ‘ಗೊತ್ತಿಲ್ಲ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅದರ ಬದಲು ನಡೆದದ್ದನ್ನು ಬಿಡಿಬಿಡಿಯಾಗಿ ಕೇಳಿ: ಮೊದಲು ಸದ್ದು ಮಾಡಿದ್ದು ಯಾರು, ನೀನು ಯಾವಾಗ ಸೇರಿಕೊಂಡೆ, ಆಗ ಅವನ ಮುಖ ಹೇಗಿತ್ತು, ಆಮೇಲೆ ಅವನು ಎಲ್ಲಿ ಹೋಗಿ ಕೂತ. ಆ ಹುಡುಗನ ಮುಖ ನೆನಪಿಸಿಕೊಂಡು ಹೇಳುವಾಗ ಸಾಮಾನ್ಯವಾಗಿ ಮಕ್ಕಳ ದನಿ ಇಳಿಯುತ್ತದೆ. ಅಲ್ಲಿ ನೀವು ಸುಮ್ಮನಿರಿ. ಆ ಮೌನ ಮಾಡುವ ಕೆಲಸವನ್ನು ನಿಮ್ಮ ಬುದ್ಧಿಮಾತು ಕೆಡಿಸಿಬಿಡುತ್ತದೆ. ಆಮೇಲೆ ಸ್ಪಷ್ಟವಾಗಿ: ‘ಆ ಹೆಸರು, ಆ ಸದ್ದು, ಇವತ್ತಿಗೆ ನಿಂತಿತು. ಇದನ್ನು ನಾನು ಟೀಚರ್ ಹತ್ತಿರ ಪ್ರತಿ ವಾರ ವಿಚಾರಿಸ್ತೀನಿ.’ ಹೇಳಿದ ಮೇಲೆ ನಿಜವಾಗಿಯೂ ವಿಚಾರಿಸಿ, ಕನಿಷ್ಠ ಒಂದು ತಿಂಗಳು.

ಕ್ಷಮೆ ಕೇಳಿಸುವ ವಿಚಾರದಲ್ಲಿ ಅವಸರ ಬೇಡ. ಇಡೀ ತರಗತಿಯ ಮುಂದೆ ನಿಲ್ಲಿಸಿ ‘ಸಾರಿ’ ಹೇಳಿಸುವುದು ಶಾಲೆಗಳಲ್ಲಿ ಸಾಮಾನ್ಯ. ಆದರೆ ಅದರಿಂದ ನೋವುಂಡ ಹುಡುಗನ ಮೈ ಮತ್ತೊಮ್ಮೆ ನಲವತ್ತು ಜನರ ಕಣ್ಣಿಗೆ ಬೀಳುತ್ತದೆ, ನಿಮ್ಮ ಮಗನಿಗೆ ಅವಮಾನವಾಗಿ ಸೇಡಿನ ಬೀಜ ಉಳಿಯುತ್ತದೆ. ಆ ಹುಡುಗ ಒಬ್ಬನೇ ಇರುವಾಗ, ಎರಡೇ ವಾಕ್ಯ ಸಾಕು: ‘ನಿನಗೆ ಹೆಸರಿಟ್ಟದ್ದು, ಸದ್ದು ಮಾಡಿದ್ದು ತಪ್ಪು. ಇನ್ನು ಮಾಡಲ್ಲ.’ ಇದರಲ್ಲಿ ‘ಆದರೆ’ ಬರಬಾರದು. ‘ನೀನು ದಪ್ಪ ಇದ್ದರೂ ಪರವಾಗಿಲ್ಲ’ ಎಂಬಂಥ ಸಮಾಧಾನವಂತೂ ಬೇಡವೇ ಬೇಡ. ‘ಕ್ಷಮಿಸಿದೆ ಅನ್ನು’ ಎಂದು ಅವನ ಮೇಲೆ ಒತ್ತಡ ಹಾಕುವಂತಿಲ್ಲ. ಅವನು ಮಾತಾಡದೆ ಹೊರಟುಹೋಗಬಹುದು, ಅದು ಅವನ ಹಕ್ಕು ಎಂದು ಮಗನಿಗೆ ಮೊದಲೇ ಹೇಳಿರಿ.

ಕೆಲವರು ‘ಅವನ ಜಾಗದಲ್ಲಿ ನೀನು ಇದ್ದಿದ್ದರೆ’ ಎಂದು ನಾಟಕ ಆಡಿಸುತ್ತಾರೆ, ಅಣ್ಣನನ್ನು ಕೂರಿಸಿ ತಂಗಿಯ ಬಾಯಲ್ಲಿ ಬೈಸುತ್ತಾರೆ. ನಾನು ಇದನ್ನು ಹೇಳುವುದಿಲ್ಲ. ಗೇಲಿಯ ಮಾತುಗಳು ಇನ್ನಷ್ಟು ಚೆನ್ನಾಗಿ ಬಾಯಿಪಾಠವಾಗುತ್ತವೆ, ಐದು ವರ್ಷದವಳಿಗೂ ಹತ್ತುತ್ತವೆ. ನಾಟಕ ಆಡಿಸುವುದೇ ಆದರೆ ತಡೆಯುವವನ ಪಾತ್ರ ಕೊಡಿ. ಏಕೆಂದರೆ ನಾಳೆ ಉಳಿದ ನಾಲ್ವರು ಮತ್ತೆ ಸದ್ದು ಶುರು ಮಾಡುತ್ತಾರೆ, ಇವನ ಕಡೆ ತಿರುಗಿ ನೋಡುತ್ತಾರೆ. ಆ ಕ್ಷಣಕ್ಕೆ ಇವನ ಹತ್ತಿರ ಸಿದ್ಧ ಮಾತು ಇರಬೇಕು. ‘ಸಾಕು ಬಿಡ್ರೋ, ಆಟ ಶುರು ಮಾಡೋಣ’ ಎಂಬುದು ಈ ವಯಸ್ಸಿಗೆ ಒಪ್ಪುತ್ತದೆ. ‘ಹಾಗೆಲ್ಲ ಅನ್ನಬಾರದು’ ಎಂದರೆ ಇವನೇ ಮುಂದಿನ ಗುರಿಯಾಗುತ್ತಾನೆ. ಮನೆಯಲ್ಲಿ ನೀವು ಆ ನಾಲ್ವರಲ್ಲಿ ಒಬ್ಬರಾಗಿ, ಅವನು ಗಟ್ಟಿಯಾಗಿ ಮೂರು ನಾಲ್ಕು ಸಲ ಹೇಳಲಿ, ಹೇಳುತ್ತಲೇ ಚೆಂಡು ಎತ್ತಿಕೊಂಡು ನಡೆಯಲಿ. ಅಷ್ಟು ಧೈರ್ಯ ಬಾರದಿದ್ದರೆ ಸದ್ದಿಗೆ ಸೇರದೆ ಹೋಗಿ ಆ ಹುಡುಗನ ಪಕ್ಕ ನಿಲ್ಲುವುದೂ ಲೆಕ್ಕಕ್ಕೆ ಬರುತ್ತದೆ. ಕೆನಡಾದ ಶಾಲಾ ಮೈದಾನಗಳಲ್ಲಿ ಕ್ಯಾಮೆರಾ ಇಟ್ಟು ನೋಡಿದ 2001ರ ಒಂದು ಅಧ್ಯಯನದಲ್ಲಿ, ಜೊತೆಯ ಮಗು ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಪೀಡಿಸುವುದು 10 ಸೆಕೆಂಡಿನೊಳಗೆ ನಿಂತಿತ್ತು. ದೊಡ್ಡವರ ಭಾಷಣಕ್ಕೆ ಇಲ್ಲದ ಶಕ್ತಿ ಅದು.

ಮಗನನ್ನು ಆ ಹುಡುಗನಿಗೆ ‘ಸ್ನೇಹಿತ’ನಾಗಿ ನೇಮಿಸುವುದೂ ಬೇಡ. ಟೀಚರ್ ಹೇಳಿದ್ದಕ್ಕೆ ಬಂದವನು ಎಂದು ಆ ಹುಡುಗನಿಗೆ ಎರಡೇ ದಿನದಲ್ಲಿ ತಿಳಿಯುತ್ತದೆ.

ಇನ್ನು ‘ಕಡ್ಡಿ’. ‘ಎಲ್ಲಿ ತಪ್ಪಿದೆವು’ ಎಂದು ಕೇಳಿದ್ದೀರಿ, ಅದಕ್ಕೆ ಮುಂಚಿನ ಸಾಲಿನಲ್ಲೇ ಉತ್ತರವನ್ನೂ ಬರೆದಿದ್ದೀರಿ. ಮನುಷ್ಯನನ್ನು ಅವನ ಮೈಯ ಹೆಸರಿನಿಂದ ಕರೆಯಬಹುದು, ಕರೆಸಿಕೊಂಡವನು ನಗಬೇಕು. ಈ ಎರಡು ಪಾಠಗಳನ್ನು ನಿಮ್ಮ ಮಗ ಮನೆಯಲ್ಲಿ ಪ್ರೀತಿಯ ಜೊತೆಗೇ ಕಲಿತಿದ್ದಾನೆ. ಶಾಲೆಗೆ ಒಯ್ದು ಬಳಸಿದ್ದಾನೆ, ಪ್ರೀತಿಯನ್ನು ಮನೆಯಲ್ಲೇ ಬಿಟ್ಟು. ಅವನು ನಗುತ್ತಾನೆ ಎಂದರೆ ನೋಯುವುದಿಲ್ಲ ಎಂದು ಅರ್ಥವಲ್ಲ, ನಗುವುದೊಂದೇ ಅವನಿಗೆ ಉಳಿದ ದಾರಿಯೂ ಆಗಿರಬಹುದು. ಕಡ್ಡಿ, ಕುಳ್ಳ, ಲಂಬು, ಬಡಕಲು, ಗುಂಡ ಎಲ್ಲವೂ ಒಂದೇ ಸಾಲಿನವು. ದಪ್ಪಕ್ಕೆ ಒಂದು ನಿಯಮ, ತೆಳುವಿಗೆ ಇನ್ನೊಂದು ನಿಯಮ ಮಕ್ಕಳ ಬುದ್ಧಿಗೆ ಹಿಡಿಸುವುದಿಲ್ಲ, ಹಿಡಿಸಬಾರದು ಕೂಡ. ಇವತ್ತೇ ಅವನಿಗೆ ಹೇಳಿ: ‘ನಿನ್ನನ್ನು ಕಡ್ಡಿ ಅಂತ ಕರೀತಿದ್ದದ್ದು ನಮ್ಮ ತಪ್ಪು. ಇನ್ನು ಕರೆಯಲ್ಲ. ಬಾಯಿ ತಪ್ಪಿ ಬಂದರೆ ನಮ್ಮನ್ನು ತಡೆ.’ ಅಪ್ಪ ಅಮ್ಮ ಕ್ಷಮೆ ಕೇಳುವುದು ಹೇಗೆಂದು ಕಣ್ಣಾರೆ ನೋಡಿದವನಿಗೆ ಆ ಹುಡುಗನ ಮುಂದೆ ನಿಲ್ಲುವುದು ಸುಲಭ. ಆದ್ದರಿಂದ ನಿಮ್ಮ ಕ್ಷಮೆ ಅವನ ಕ್ಷಮೆಗಿಂತ ಮೊದಲು ಬರಲಿ.

ಆಮೇಲೆ ಒಂದು ವಾರ, ಮಕ್ಕಳಿಗೆ ಹೇಳದೆ, ನೀವಿಬ್ಬರೂ ಒಂದು ಚೀಟಿಯಲ್ಲಿ ಗೆರೆ ಹಾಕಿ. ಮನೆಯಲ್ಲಿ ಯಾರ ಮೈಯ ಬಗ್ಗೆ ಮಾತು ಬಂದರೂ ಒಂದು ಗೆರೆ, ಹೊಗಳಿಕೆಗೂ ಸೇರಿಸಿ. ಕನ್ನಡಿಯ ಮುಂದೆ ‘ಅಯ್ಯೋ ಹೊಟ್ಟೆ ನೋಡು’, ಟಿವಿಯಲ್ಲಿ ಬಂದವರಿಗೆ ‘ಎಷ್ಟು ಊದ್ಕೊಂಡಿದ್ದಾರೆ’, ಮನೆಗೆ ಬಂದವರಿಗೆ ‘ಸಣ್ಣ ಆಗಿದ್ದೀರಿ, ಚೆನ್ನಾಗಿ ಕಾಣ್ತಿದ್ದೀರಿ’, ತಟ್ಟೆಗೆ ಬಡಿಸುವಾಗ ಒಬ್ಬರಿಗೆ ‘ನಿನಗೆ ಸಾಕು’, ಇನ್ನೊಬ್ಬರಿಗೆ ‘ನೀನು ಹಾಕ್ಕೋ, ಮೈ ಹತ್ತಲಿ’. ಹೊಗಳಿಕೆಯನ್ನು ಯಾಕೆ ಸೇರಿಸಬೇಕೆಂದರೆ, ಸಣ್ಣಗಾದದ್ದಕ್ಕೆ ಶಹಬ್ಬಾಸ್ ಸಿಗುವ ಮನೆಯಲ್ಲಿ ದಪ್ಪಗಿರುವವರ ಬೆಲೆ ಎಷ್ಟೆಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ವಾರದ ಕೊನೆಗೆ ಗೆರೆ ಎಣಿಸಿ. ಸಂಖ್ಯೆ ನೋಡಿ ನೀವೇ ಬೆರಗಾಗುತ್ತೀರಿ. ಅಜ್ಜಿ ತಾತಂದಿರ ಬಾಯಿ ಕಟ್ಟಲು ಹೋಗಬೇಡಿ, ಜಗಳವೇ ಉಳಿಯುತ್ತದೆ. ಮಕ್ಕಳ ಎದುರಿಗೇ ಮೆತ್ತಗೆ ‘ನಮ್ಮ ಮನೇಲಿ ಈಗ ಮೈ ಬಗ್ಗೆ ಮಾತಾಡಲ್ಲ ಅತ್ತೆ, ಅವನು ಬರೆದ ಚಿತ್ರ ನೋಡಿ’ ಎಂದು ಮಾತು ತಿರುಗಿಸಿದರೆ ಮಕ್ಕಳಿಗೆ ಸಂದೇಶ ತಲುಪುತ್ತದೆ.

ಟೀಚರ್ ಹತ್ತಿರ ಎರಡು ವಿನಂತಿ ಮಾಡಿ. ದಪ್ಪ–ತೆಳುವಿನ ಬಗ್ಗೆ ತರಗತಿಯಲ್ಲಿ ಪಾಠ ಮಾಡಬೇಡಿ, ಮಾಡಿದರೆ ಎಲ್ಲರ ತಲೆ ಆ ಹುಡುಗನ ಕಡೆಗೇ ತಿರುಗುತ್ತದೆ. ಅಡ್ಡಹೆಸರು ಕೂಡದು ಎಂಬ ನಿಯಮವನ್ನು ಎಲ್ಲರಿಗೂ ಸೇರಿಸಿ ಹಾಕಿ. ಇನ್ನೊಂದು, ಆಟದ ತಂಡ ಆರಿಸುವ ಬಗೆ. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಕರೆಯುತ್ತಾ ಹೋದರೆ ಕೊನೆಗೆ ನಿಲ್ಲುವವನು ಯಾರೆಂದು ಎಲ್ಲರಿಗೂ ಗೊತ್ತು, ದಿನಾ ಗೊತ್ತು. ಸಾಲಾಗಿ ನಿಲ್ಲಿಸಿ ‘ಒಂದು, ಎರಡು’ ಎಣಿಸಿ ಬಿಡಿಸಿದರೆ ಆ ನೋವು ಒಂದು ಪೈಸೆ ಖರ್ಚಿಲ್ಲದೆ ತಪ್ಪುತ್ತದೆ. ಶಾಲೆಯಲ್ಲಿ ತೂಕ ನೋಡುವ ದಿನ ಅಂಕಿಯನ್ನು ಗಟ್ಟಿಯಾಗಿ ಓದುವ ರೂಢಿ ಇದ್ದರೆ ಅದನ್ನೂ ನಿಲ್ಲಿಸಲು ಕೇಳಿ.

ಒಂದೆರಡು ತಿಂಗಳಾದರೂ ಮಗ ಹೊಸ ಹೊಸ ಮಕ್ಕಳನ್ನು ಆರಿಸಿ ಕಾಡುತ್ತಿದ್ದರೆ, ಅಥವಾ ‘ಕಡ್ಡಿ’ ವಿಷಯ ಎತ್ತಿದಾಗ ಅತ್ತುಬಿಟ್ಟರೆ, ಊಟದಲ್ಲಿ ಬದಲಾವಣೆ ಕಂಡರೆ, ಬಟ್ಟೆ ಬದಲಿಸಲು ಕದ ಹಾಕಿಕೊಂಡು ಅಂಜುತ್ತಿದ್ದರೆ ಮಕ್ಕಳ ಮನಶ್ಶಾಸ್ತ್ರಜ್ಞರನ್ನು ಕಾಣಿ. ಕಾಡುವ ಮಗುವೇ ಇನ್ನೆಲ್ಲೋ ಕಾಡಿಸಿಕೊಳ್ಳುತ್ತಿರುವುದು ಅಪರೂಪವಲ್ಲ.

ಫೋನ್ ಮಾಡಿ. ಟೀಚರಿಗೆ ಮೊದಲು ತಿಳಿಸಿ, ಆ ತಾಯಿಗೆ ಒಪ್ಪಿಗೆ ಇದೆಯೇ ಎಂದು ಅವರ ಮೂಲಕ ಕೇಳಿಕೊಂಡು, ಮಕ್ಕಳು ಹತ್ತಿರ ಇಲ್ಲದ ಹೊತ್ತಿನಲ್ಲಿ. ‘ನನ್ನ ಮಗ ನಿಮ್ಮ ಮಗನಿಗೆ ಹೆಸರಿಟ್ಟು ನೋಯಿಸಿದ್ದಾನೆ. ಅದು ತಪ್ಪು. ಅವನ ಜೊತೆ ಮಾತಾಡಿದ್ದೀನಿ, ಟೀಚರ್ ಜೊತೆಗೂ ಮಾತಾಡಿದ್ದೀನಿ. ಮತ್ತೆ ಏನಾದರೂ ಆದರೆ ನೇರವಾಗಿ ನನಗೆ ಹೇಳಿ.’ ಇಷ್ಟೇ. ಅವರು ಸಿಟ್ಟಾದರೆ ಕೇಳಿಸಿಕೊಳ್ಳಿ. ‘ಮಕ್ಕಳು ಅಲ್ವಾ’ ಅನ್ನಬೇಡಿ. ಅವರ ಮಗನ ಊಟ, ತೂಕ, ವ್ಯಾಯಾಮದ ಬಗ್ಗೆ ಒಂದಕ್ಷರವೂ ಬೇಡ, ಅವರಾಗಿಯೇ ಎತ್ತಿದರೂ ಬೇಡ. ‘ಅವನಿಗೆ ಯಾವ ಆಟ ಇಷ್ಟ?’ ಎಂದು ಬೇಕಾದರೆ ಕೇಳಿ.